ಸಾಕೆಟ್ಟಿನ ಓಲೆಯನ್ನು ಓದುವ ಬಗೆ

ಮೈಸೂರಿನಲ್ಲಿ ಕಲಾವಿಭಾಗದಲ್ಲಿ ಓದುವ ವಿದ್ಯಾರ್ಥಿಗೆ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹೆಸರು ಅಪರಿಚಿತವಲ್ಲ. ೧೮೯೧ರಲ್ಲಿ ಸ್ಥಾಪಿತವಾದ ಈ ಭಂಡಾರದಲ್ಲಿ ಓಲೆಗರಿಯ ಗ್ರಂಥಗಳು ಸಾವಿರಾರು ಇವೆ. ಶ್ರೀ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಇಲ್ಲಿಗೆ ಬಂದ ಒಂದು ಓಲೆಯ ಕಟ್ಟಿನಲ್ಲಿಯೇ. ೧೯೦೯ರಲ್ಲಿ ಅವರು ಅದನ್ನು ಅಚ್ಚಿಗೆ ತಂದರು. ಅಲ್ಲಿಯವರೆಗೆ ಬೇರೆ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದ ಶಾಸ್ತ್ರವೊಂದು ಲೋಕದ ಕೈಗೆ ಸಿಕ್ಕಿತು.

ಓಲೆಯನ್ನು ಓದುವುದು ಅಚ್ಚಿನ ಪುಸ್ತಕವನ್ನು ಓದಿದಂತಲ್ಲ. ಹಳೆಯ ಓಲೆಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ; ಅಕ್ಷರಗಳು ಇರುವೆಯ ಸಾಲಿನಂತೆ ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತವೆ. ಒಂದು ಗರಿ ಮುಗಿದ ಕಡೆ ವಾಕ್ಯವೂ ಮುಗಿಯಬೇಕೆಂಬ ನಿಯಮವಿಲ್ಲ. ಪದದ ಅರ್ಧವು ಈ ಗರಿಯ ಕೊನೆಯಲ್ಲಿಯೂ ಉಳಿದರ್ಧವು ಮುಂದಿನ ಗರಿಯ ಮೊದಲಲ್ಲಿಯೂ ಇರುವುದುಂಟು. ಗರಿಯ ಉದ್ದವು ತಾಳೆಯ ಮರಕ್ಕೆ ಸೇರಿದ್ದು, ವಾಕ್ಯದ ಉದ್ದವು ಅರ್ಥಕ್ಕೆ ಸೇರಿದ್ದು. ಗರಿ ಮುಗಿಯಿತೆಂದು ಮಾತೂ ಮುಗಿಯಿತೆಂದು ತಿಳಿದವನು ಮೋಸಹೋದನೆಂದೇ ಹೇಳಬೇಕು.

ನಾನು ಇಲ್ಲಿ ಬರೆಯಹೊರಟಿರುವುದು ಓಲೆಗಳನ್ನು ಕುರಿತಲ್ಲ. ಗಣಕಯಂತ್ರಗಳು ಒಂದರೊಡನೊಂದು ಮಾತನಾಡುವಾಗ, ಬಂದ ಮಾತನ್ನು ತಪ್ಪಿಲ್ಲದೆ ಓದಿಕೊಳ್ಳುವುದು ಹೇಗೆ ಎಂಬುದನ್ನು ಕುರಿತು. ಆದರೆ ಈ ವಿಷಯದಲ್ಲಿ ನಾನು ಮಾಡಿದ ತಪ್ಪು, ಗರಿಯ ಕೊನೆಯನ್ನು ವಾಕ್ಯದ ಕೊನೆಯೆಂದು ತಿಳಿದವನ ತಪ್ಪೇ ಆಗಿದ್ದುದರಿಂದ, ಅಲ್ಲಿಂದ ಆರಂಭಿಸುವುದು ನ್ಯಾಯವೆಂದು ತೋರಿತು.

ಸಾಕೆಟ್ಟು ಎಂದ ಕೂಡಲೆ ಗೋಡೆಯ ಮೇಲಿನ ವಿದ್ಯುತ್ತಿನ ಕಿಂಡಿಯು ನೆನಪಿಗೆ ಬರುತ್ತದೆ. ಹೋಲಿಕೆ ತೀರ ತಪ್ಪಲ್ಲ. ಪ್ಲಗ್ಗನ್ನು ಚುಚ್ಚಿದವನು ಗೋಡೆಯ ಹಿಂದೆ ತಂತಿ ಎಲ್ಲೆಲ್ಲಿ ಹೋಗಿದೆ ಎಂದು ಕೇಳುವುದಿಲ್ಲ. ಹಾಗೆಯೇ ಪ್ರೋಗ್ರಾಮು ಬರೆಯುವವನು ಸಾಕೆಟ್ಟೆಂಬ ಕಿಂಡಿಯೊಳಕ್ಕೆ ಬರೆಯುತ್ತಾನೆ, ಕಿಂಡಿಯಿಂದ ಓದುತ್ತಾನೆ. ನಡುವಿನ ದಾರಿಯ ಚಿಂತೆ ಅವನಿಗಿಲ್ಲ. ಸಿ ಭಾಷೆಯನ್ನು ಡೆನಿಸ್ ರಿಚಿ ಎಂಬವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೭೨ರ ಸುಮಾರಿಗೆ ರೂಪಿಸಿದರು. ಆ ಭಾಷೆಯ ಪ್ರೋಗ್ರಾಮುಗಳು ಜಾಲದಲ್ಲಿ ಮಾತನಾಡಲು ಬೇಕಾದ ಸಾಕೆಟ್ಟಿನ ಏರ್ಪಾಡು ೧೯೮೩ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಯೂನಿಕ್ಸಿನೊಡನೆ ಹೊರಬಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ಟು ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಅಂದಿನಿಂದ ಇಂದಿನವರೆಗೆ ಕಿಂಡಿಯ ಹಿಂದಿನ ತಂತಿಗಳೂ ಯಂತ್ರಗಳೂ ಎಷ್ಟೋ ಬದಲಾಗಿವೆ; ಕಿಂಡಿಯ ಆಕಾರ ಮಾತ್ರ ಬಹುಮಟ್ಟಿಗೆ ಹಾಗೆಯೇ ಇದೆ.

ಈ ಕಿಂಡಿಯ ಹಿಂದೆ ಸಾಮಾನ್ಯವಾಗಿ ಕೆಲಸ ಮಾಡುವ ಕಟ್ಟಳೆಗೆ ಟಿ.ಸಿ.ಪಿ. ಎಂದು ಹೆಸರು. ಅದು ನಮಗೆ ಕೊಡುವ ಮಾತು ಇಷ್ಟು: ಸಂಪರ್ಕವು ಜೀವಂತವಾಗಿರುವವರೆಗೆ, ಕಳುಹಿಸಿದ ಬೈಟುಗಳು ಕಳುಹಿಸಿದ ಕ್ರಮದಲ್ಲಿಯೇ ಬರುತ್ತವೆ, ನಡುವೆ ಒಂದೂ ಬಿಟ್ಟುಹೋಗುವುದಿಲ್ಲ, ಒಂದೂ ಎರಡು ಸಲ ಬರುವುದಿಲ್ಲ. ಬೈಟು ಎಂದರೆ ಸೊನ್ನೆಯಿಂದ ೨೫೫ರವರೆಗಿನ ಒಂದು ಸಂಖ್ಯೆಯನ್ನು ಹಿಡಿಯುವ ಪುಟ್ಟ ಸೇರು. ಗಣಕಯಂತ್ರದಲ್ಲಿ ಅಕ್ಷರ, ಚಿತ್ರ, ಸಂಗೀತ ಎಲ್ಲವೂ ಈ ಸೇರುಗಳಲ್ಲಿಯೇ ಅಳೆಯಲ್ಪಡುತ್ತವೆ.

ಆದರೆ ಟಿ.ಸಿ.ಪಿ. ಕೊಡದಿರುವ ಮಾತೊಂದಿದೆ. ಅತ್ತಲಿನವನು ಒಂದೇ ಸಲಕ್ಕೆ ನೂರು ಬೈಟು ಕಳುಹಿಸಿದರೆ ಇತ್ತಲಿನವನಿಗೂ ಒಂದೇ ಸಲಕ್ಕೆ ನೂರು ಬೈಟು ಸಿಕ್ಕುತ್ತದೆಂದು ಅದು ಎಲ್ಲಿಯೂ ಹೇಳಿಲ್ಲ. ಮೊದಲು ಮೂವತ್ತು, ಆಮೇಲೆ ಎಪ್ಪತ್ತು ಸಿಕ್ಕಬಹುದು. ಎರಡು ಸಲ ಕಳುಹಿಸಿದ್ದು ಒಂದಾಗಿ ಬೆರೆತು ಬರಬಹುದು. ಅಂಚೆಯಲ್ಲಿ ಎರಡು ಕಾಗದ ಹಾಕಿದರೆ ಎರಡು ಲಕೋಟೆಗಳು ಬರುತ್ತವೆ. ಸಾಕೆಟ್ಟಿನಲ್ಲಿ ಲಕೋಟೆಯೇ ಇಲ್ಲ. ಕಾಲುವೆಗೆ ಈ ಊರಿನವರು ಎರಡು ಕೊಡ ನೀರು ಸುರಿದರೆ, ಕೆಳಗಿನ ಊರಿನವರು ಮೊದಲನೆಯ ಕೊಡದ ನೀರು ಇದು, ಎರಡನೆಯದು ಇದು ಎಂದು ಬೇರ್ಪಡಿಸಲಾರರು. ಸಾಕೆಟ್ಟು ಅಂಥ ಕಾಲುವೆ.

ಈಗ ನನ್ನ ತಪ್ಪಿನ ಕಥೆ. ನಾನೂ ವಿಜ್ಞಾನ ಓದುವ ಗೆಳೆಯನೊಬ್ಬನೂ ಸೇರಿ, ವಿದ್ಯಾರ್ಥಿನಿಲಯದ ವಾಚನಾಲಯದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳುಹಿಸುವ ಪ್ರೋಗ್ರಾಮು ಬರೆದೆವು. ಕಳುಹಿಸುವ ಭಾಗವನ್ನು ಅವನು ಪೈಥಾನ್ ಭಾಷೆಯಲ್ಲಿಯೂ, ಓದಿಕೊಳ್ಳುವ ಭಾಗವನ್ನು ನಾನು ಸಿ ಭಾಷೆಯಲ್ಲಿಯೂ ಬರೆದೆವು. ಒಂದೇ ಯಂತ್ರದಲ್ಲಿ ಎರಡೂ ಭಾಗಗಳನ್ನು ಓಡಿಸಿ, ಒಂದೊಂದೇ ಹೆಸರನ್ನು ಬೆರಳಚ್ಚು ಮಾಡಿ ನೋಡಿದಾಗ ಎಲ್ಲವೂ ಸರಿಯಾಗಿತ್ತು. ಎರಡು ಯಂತ್ರಗಳ ನಡುವೆ ಇಡೀ ಪಟ್ಟಿಯನ್ನು ಕಳುಹಿಸಿದ ದಿನ ಕೆಟ್ಟಿತು. ಎರಡು ಪುಸ್ತಕಗಳ ಹೆಸರು ಕೂಡಿಕೊಂಡು ಒಂದಾದವು. ಕೆಲವು ನಡುವೆ ತುಂಡಾದವು. ಅಲ್ಲಲ್ಲಿ ಅಕ್ಷರದ ಬದಲು ಕಪ್ಪು ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಂಡಿತು. ಕನ್ನಡದ ಅಕ್ಷರ ಕೆಟ್ಟಿತೆಂದರೆ ನಾವು ಮೊದಲು ಬಯ್ಯುವುದು ಅಕ್ಷರಮಾದರಿಯನ್ನು. ಅದನ್ನು ಬದಲಾಯಿಸಿದ್ದಾಯಿತು. ಆಮೇಲೆ ತಂತಿಯನ್ನು ಬದಲಾಯಿಸಿದ್ದಾಯಿತು. ಆಮೇಲೆ ಗೆಳೆಯನ ಮೇಲೆ ಸಂದೇಹ ಬಂತು. ಮೂರು ದಿನಗಳಾದ ಮೇಲೆ ನೋಡಿದರೆ ತಪ್ಪು ನನ್ನ ಭಾಗದಲ್ಲಿಯೇ ಇತ್ತು.

ನಾನು ಮಾಡಿದ್ದು ಇಷ್ಟೇ. ೧೦೨೪ ಬೈಟು ಹಿಡಿಯುವ ಒಂದು ಬಫರನ್ನು, ಅಂದರೆ ಬಂದದ್ದನ್ನು ತುಂಬಿಕೊಳ್ಳುವ ತೊಟ್ಟಿಯನ್ನು, ಇಟ್ಟುಕೊಂಡಿದ್ದೆ. ರೀಡ್ ಎಂಬ ಕರೆಯನ್ನು ಒಂದು ಸಲ ಕೂಗಿ, ಸಿಕ್ಕಿದ್ದನ್ನೆಲ್ಲ ಒಂದು ಪೂರ್ಣ ಸಂದೇಶವೆಂದು ತಿಳಿದು ಮುದ್ರಿಸಿದ್ದೆ. ಒಂದು ಗರಿಯೆಂದರೆ ಒಂದು ವಾಕ್ಯ ಎಂದುಕೊಂಡಿದ್ದೆ. ಒಂದೇ ಯಂತ್ರದೊಳಗೆ ಬೈಟುಗಳು ತಂತಿಯನ್ನೇ ಏರುವುದಿಲ್ಲವಾದ್ದರಿಂದ ಮತ್ತು ನಾವು ಬಿಟ್ಟು ಬಿಟ್ಟು ಕಳುಹಿಸುತ್ತಿದ್ದುದರಿಂದ, ಈ ಅಜ್ಞಾನವು ಅಷ್ಟು ದಿನ ಬಯಲಾಗಿರಲಿಲ್ಲ.

ಇಂಗ್ಲಿಷಿನ ಪಟ್ಟಿಯಾಗಿದ್ದರೆ ತಪ್ಪು ಇಷ್ಟು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲವೋ ಏನೋ. ಕನ್ನಡಕ್ಕೆ ಸಂಬಂಧಿಸಿದ ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡವು ೧೯೯೧ರ ಮೊದಲನೆಯ ಆವೃತ್ತಿಯಿಂದಲೂ ಇದೆ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯಲು ಇಂದು ಹೆಚ್ಚಾಗಿ ಬಳಸುವ ಯು.ಟಿ.ಎಫ್.-೮ ಎಂಬ ಕ್ರಮವನ್ನು ೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ರಚಿಸಿದರು. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು. ಅಕ್ಷರವೆನ್ನದೆ ಸಂಕೇತವೆಂದದ್ದಕ್ಕೆ ಕಾರಣವಿದೆ. ‘ಮೈಸೂರು’ ಎಂಬಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಆದರೆ ಯಂತ್ರಕ್ಕೆ ಮ, ಐತ್ವ, ಸ, ದೀರ್ಘ ಊತ್ವ, ರ, ಹ್ರಸ್ವ ಉತ್ವ ಎಂದು ಆರು ಸಂಕೇತಗಳು. ಆರು ಮೂರಲಿ ಹದಿನೆಂಟು. ನಮ್ಮ ಊರಿನ ಹೆಸರು ೧೮ ಬೈಟು.

ಈಗ ೧೦೨೪ನ್ನು ಮೂರರಿಂದ ಭಾಗಿಸಿ ನೋಡೋಣ. ೩೪೧ ಸಂಕೇತಗಳು ಪೂರ್ತಿ ಹಿಡಿದು ಒಂದು ಬೈಟು ಉಳಿಯುತ್ತದೆ. ಅಂದರೆ ತೆರಪಿಲ್ಲದ ಕನ್ನಡವು ತೊಟ್ಟಿ ತುಂಬುವಷ್ಟು ಬಂದರೆ, ೩೪೨ನೆಯ ಸಂಕೇತದ ಮೂರರಲ್ಲೊಂದು ಭಾಗ ಈಚೆಯೂ ಎರಡು ಭಾಗ ಆಚೆಯೂ ಉಳಿಯುತ್ತವೆ. ೫೧೨, ೨೦೪೮, ೪೦೯೬ ಎಂದು ಬೇರೆ ಅಳತೆಗಳನ್ನು ಹಿಡಿದರೂ ಇದೇ ಗತಿ. ಎರಡನ್ನು ಎರಡರಿಂದಲೇ ಗುಣಿಸುತ್ತ ಹೋದರೆ ಮೂರರಿಂದ ಭಾಗವಾಗುವ ಸಂಖ್ಯೆ ಎಂದಿಗೂ ಬರುವುದಿಲ್ಲ; ಪ್ರೋಗ್ರಾಮು ಬರೆಯುವವರಿಗೆ ಪ್ರಿಯವಾದ ಅಳತೆಗಳೆಲ್ಲ ಅಂಥವೇ. ತಂತಿಯ ಮೇಲೆ ಹೋಗುವ ಕಟ್ಟಿಗೂ ಮಿತಿಯುಂಟು. ಸಾಮಾನ್ಯವಾದ ಈಥರ್‌ನೆಟ್ಟಿನಲ್ಲಿ ಒಂದು ಕಟ್ಟಿಗೆ ೧೫೦೦ ಬೈಟು. ಅದರಲ್ಲಿ ವಿಳಾಸ ಮೊದಲಾದ ತಲೆಬರಹಗಳಿಗೆ ಕಡಮೆಯೆಂದರೂ ನಲವತ್ತು ಹೋದರೆ ೧೪೬೦ ಉಳಿಯಿತು. ಅದರಲ್ಲಿ ೪೮೬ ಸಂಕೇತಗಳೂ ಮುಂದಿನದರ ಎರಡು ಬೈಟುಗಳೂ ಹಿಡಿಯುತ್ತವೆ. ನಡುವೆ ತೆರಪು, ಅಲ್ಪವಿರಾಮಗಳು ಬಂದರೆ ಅವು ಒಂದೊಂದು ಬೈಟಿನವಾದ್ದರಿಂದ ತುಂಡಾಗುವ ಜಾಗವು ಅತ್ತಿತ್ತ ಸರಿಯಬಹುದು. ತುಂಡಾಗುವುದಂತೂ ತಪ್ಪುವುದಿಲ್ಲ.

ಹಾಗಾದರೆ ಸರಿಯಾಗಿ ಓದುವ ಕ್ರಮವೇನು? ಮೊದಲನೆಯದಾಗಿ ರೀಡ್ ಕೊಡುವ ಉತ್ತರವನ್ನು ಕೇಳಿಸಿಕೊಳ್ಳಬೇಕು. ನಾವು ಅದಕ್ಕೆ ‘ಇಷ್ಟು ಬೈಟು ಬೇಕು’ ಎನ್ನುತ್ತೇವೆ. ಅದನ್ನು ‘ಹೆಚ್ಚೆಂದರೆ ಇಷ್ಟು’ ಎಂದು ಅದು ಅರ್ಥಮಾಡಿಕೊಳ್ಳುತ್ತದೆ. ಅದು ಹೇಳುವ ಉತ್ತರವು ಮೂರು ಬಗೆ. ಒಂದು ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ, ಅಷ್ಟು ಬೈಟು ಈಗ ಸಿಕ್ಕಿದೆ ಎಂದು ಅರ್ಥ, ಇನ್ನು ಬರುವುದಿಲ್ಲವೆಂದಲ್ಲ. ಸೊನ್ನೆ ಬಂದರೆ, ಅತ್ತಲಿನವನು ತನ್ನ ಮಾತನ್ನು ಮುಗಿಸಿ ಬಾಗಿಲು ಹಾಕಿದನೆಂದು ಅರ್ಥ. ಋಣ ಒಂದು ಬಂದರೆ, ಏನೋ ತೊಡಕಾಯಿತೆಂದು ಅರ್ಥ. ತೊಡಕು ಯಾವುದೆಂಬುದನ್ನು ಎರ್‌ನೋ ಎಂಬ ಸ್ಥಾನದಲ್ಲಿ ನೋಡಿ ತಿಳಿಯಬೇಕು.

ತೊಡಕುಗಳೆಲ್ಲ ಒಂದೇ ತೂಕದವಲ್ಲ. ಕಾಯುತ್ತಿದ್ದಾಗ ಬೇರೆ ಯಾವುದೋ ಸೂಚನೆ ಬಂದು ಕರೆಯು ನಡುವೆ ತಡೆಯಲ್ಪಟ್ಟಿದ್ದರೆ, ಅದು ಓದುತ್ತ ಕುಳಿತವನನ್ನು ಯಾರೋ ಬಾಗಿಲಲ್ಲಿ ಕೂಗಿದಂತೆ. ಮತ್ತೆ ಕುಳಿತು ಓದಿದರಾಯಿತು. ಕಾಯದೆ ಹಿಂದಿರುಗುವಂತೆ ಏರ್ಪಡಿಸಿದ ಸಾಕೆಟ್ಟಿನಲ್ಲಿ ‘ಈಗ ಏನೂ ಇಲ್ಲ’ ಎಂಬ ಉತ್ತರವೂ ಇದೇ ರೂಪದಲ್ಲಿ ಬರುತ್ತದೆ. ಅದು ಸೋಲಲ್ಲ, ಆಮೇಲೆ ಬಾ ಎಂಬ ಮಾತು. ಅತ್ತಲಿನವನು ಸಂಪರ್ಕವನ್ನು ಮುರಿದುಹಾಕಿದನೆಂಬ ಉತ್ತರ ಬಂದರೆ ಮಾತ್ರ ಕೆಲಸ ಕೆಟ್ಟಿತೆಂದು ಒಪ್ಪಿಕೊಂಡು ಹೊರಬರಬೇಕು. ಇಲ್ಲೊಂದು ಸಣ್ಣ ಎಚ್ಚರಿಕೆ: ಉತ್ತರವನ್ನು ಋಣಸಂಖ್ಯೆಯನ್ನು ಹಿಡಿಯದ ಪಾತ್ರೆಗೆ ಸುರಿದುಕೊಂಡರೆ, ಋಣ ಒಂದೆಂಬುದು ಭಾರಿ ಧನಸಂಖ್ಯೆಯಾಗಿ ಕಾಣುತ್ತದೆ; ಸೋಲು ಸಮೃದ್ಧಿಯಂತೆ ತೋರುತ್ತದೆ.

ಎರಡನೆಯದು, ಲೆಕ್ಕವಿಟ್ಟು ಮರಳಿ ಮರಳಿ ಓದುವುದು. ಬೇಕಾದುದು ಎಷ್ಟೆಂಬುದನ್ನು ಗೊತ್ತುಮಾಡಿಕೊಂಡು, ಇದುವರೆಗೆ ಬಂದದ್ದು ಸೊನ್ನೆ ಎಂದು ಲೆಕ್ಕ ತೆರೆಯಬೇಕು. ಬಂದದ್ದು ಬೇಕಾದುದಕ್ಕಿಂತ ಕಡಮೆ ಇರುವವರೆಗೆ ರೀಡನ್ನು ಕರೆಯುತ್ತಿರಬೇಕು. ಪ್ರತಿ ಸಲವೂ ತೊಟ್ಟಿಯ ಮೊದಲಿನಿಂದಲ್ಲ, ಹಿಂದೆ ತುಂಬಿದ್ದು ಮುಗಿದ ಜಾಗದಿಂದ ಮುಂದಕ್ಕೆ ತುಂಬಿಸಬೇಕು. ಕೇಳುವುದೂ ಇನ್ನು ಉಳಿದಷ್ಟನ್ನು ಮಾತ್ರ. ‘ಮೈಸೂರು’ ಎಂಬ ೧೮ ಬೈಟುಗಳಲ್ಲಿ ಮೊದಲ ಸಲ ೭ ಬಂದವೆನ್ನೋಣ: ಮ, ಐತ್ವ, ಸಕಾರದ ಮೊದಲ ತುಣುಕು. ಎರಡನೆಯ ಸಲ ೧, ಮೂರನೆಯ ಸಲ ೧೦. ಈಗ ಕೂಡಿಸಿದರೆ ೧೮. ಅಲ್ಲಿಯವರೆಗೆ ಮುದ್ರಿಸುವ ಆತುರವನ್ನು ತಡೆದುಕೊಂಡಿದ್ದರೆ ಅಕ್ಷರ ಕೆಡುವುದಿಲ್ಲ. ಸಂಕೇತವು ಪೂರ್ತಿಯಾಗಿದ್ದರೆ ಸಾಕೆಂದು ಅವಸರ ಪಟ್ಟರೂ ಕಷ್ಟವೇ. ಮಕಾರಕ್ಕೂ ಅದರ ಐತ್ವಕ್ಕೂ ನಡುವೆ ತುಂಡಾದರೆ ಬೈಟುಗಳೆಲ್ಲ ಸರಿಯಾಗಿದ್ದರೂ ‘ಮೈ’ ಬರಿಯ ‘ಮ’ ಆಗುತ್ತದೆ, ಐತ್ವವು ಮುಂದಿನ ತುಂಡಿನಲ್ಲಿ ಅನಾಥವಾಗುತ್ತದೆ. ನಡುವೆ ಸೊನ್ನೆ ಬಂದರೆ, ಅಂದರೆ ಹದಿನೆಂಟರಲ್ಲಿ ಹನ್ನೊಂದಕ್ಕೇ ಬಾಗಿಲು ಮುಚ್ಚಿದರೆ, ಅದನ್ನು ಯಶಸ್ಸೆಂದು ಎಣಿಸಬಾರದು. ಕೊನೆಯ ಗರಿ ಕಳೆದುಹೋದ ಗ್ರಂಥವೆಂದು ಗುರುತು ಹಾಕಿ ಪಕ್ಕಕ್ಕಿಡಬೇಕು.

ಸಿ ಭಾಷೆಯಲ್ಲಿ ಅಕ್ಷರಮಾಲೆಯ ಕೊನೆಯನ್ನು ಸೂಚಿಸಲು ಸೊನ್ನೆಯೆಂಬ ಬೆಲೆಯ ಒಂದು ಬೈಟನ್ನು ಇಡುವ ಪದ್ಧತಿ. ಸಾಕೆಟ್ಟು ಆ ಸೊನ್ನೆಯನ್ನು ತಾನಾಗಿ ತಂದುಕೊಡುವುದಿಲ್ಲ. ತೊಟ್ಟಿಯಲ್ಲಿ ಒಂದು ಬೈಟಿನ ಜಾಗವನ್ನು ಮೊದಲೇ ಉಳಿಸಿಕೊಂಡು ನಾವೇ ಅದನ್ನು ಇಡಬೇಕು. ಇಡದಿದ್ದರೆ ಮುದ್ರಿಸುವ ಕರೆಯು ತೊಟ್ಟಿಯಾಚೆಗೂ ಓದುತ್ತ ಹೋಗುತ್ತದೆ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕೂ ಮೂಲ: ಬೇಕಾದುದು ಎಷ್ಟೆಂದು ಓದುವವನಿಗೆ ತಿಳಿಯುವುದು ಹೇಗೆ? ಸಾಕೆಟ್ಟು ಬಂದದ್ದು ಎಷ್ಟೆಂದು ಹೇಳುತ್ತದೆ. ಬರಬೇಕಾದುದು ಎಷ್ಟೆಂದು ಹೇಳಲಾರದು. ಅದನ್ನು ಕಳುಹಿಸುವವನೂ ಓದುವವನೂ ಮೊದಲೇ ಮಾತಾಡಿಕೊಂಡಿರಬೇಕು. ಈ ಒಪ್ಪಂದಕ್ಕೆ ಎರಡು ದಾರಿಗಳಿವೆ. ಎರಡೂ ನಮ್ಮ ಲಿಪಿಕಾರರಿಗೆ ತಿಳಿದಿದ್ದವೇ.

ಒಂದನೆಯ ದಾರಿ, ಕೊನೆಯಲ್ಲಿ ಗುರುತು ಇಡುವುದು. ಅಧ್ಯಾಯ ಮುಗಿದಾಗ ‘ಇಲ್ಲಿಗೆ ಇಂಥ ಅಧ್ಯಾಯವು ಮುಗಿಯಿತು’ ಎಂದು ಓಲೆಯಲ್ಲಿ ಬರೆಯುವಂತೆ, ಪ್ರತಿ ಸಂದೇಶದ ಕೊನೆಯಲ್ಲಿ ಹೊಸ ಸಾಲಿನ ಗುರುತನ್ನು ಇಡಬಹುದು. ಅದರ ಬೆಲೆ ೧೦. ಕನ್ನಡ ಸಂಕೇತಗಳ ಬೈಟುಗಳೆಲ್ಲ ೧೨೮ ಅಥವಾ ಅದಕ್ಕೆ ಮೇಲ್ಪಟ್ಟಿರುವುದರಿಂದ ಈ ಹತ್ತು ಅಕ್ಷರದ ನಡುವೆ ಅಡಗಿಕೊಂಡು ಮೋಸಮಾಡುವ ಭಯವಿಲ್ಲ. ಆದರೆ ಗುರುತು ಸಿಕ್ಕಿದ ಮೇಲೆ ತೊಟ್ಟಿಯಲ್ಲಿ ಉಳಿದ ಬೈಟುಗಳು ಮುಂದಿನ ಸಂದೇಶದವು. ಅವನ್ನು ಎಸೆಯದೆ ಕಾಪಾಡಿಕೊಳ್ಳಬೇಕು. ನನ್ನ ಪಟ್ಟಿಯಲ್ಲಿ ಇದನ್ನು ಮಾಡಿದ್ದರೆ ಎರಡು ಪುಸ್ತಕಗಳು ಕೂಡಿಕೊಳ್ಳುತ್ತಿರಲಿಲ್ಲ. ಒಂದೊಂದೇ ಬೈಟನ್ನು ಓದಿದರೆ ಈ ತೊಂದರೆಯಿಲ್ಲವೆಂಬುದು ನಿಜ. ಆದರೆ ಪ್ರತಿ ಬೈಟಿಗೂ ಕಾರ್ಯಾಚರಣ ವ್ಯವಸ್ಥೆಯ ಬಾಗಿಲನ್ನು ತಟ್ಟಬೇಕಾದ್ದರಿಂದ ಕೆಲಸ ಬಹಳ ನಿಧಾನವಾಗುತ್ತದೆ.

ಎರಡನೆಯ ದಾರಿ, ಮೊದಲಿಗೇ ಅಳತೆ ಹೇಳುವುದು. ನಮ್ಮಲ್ಲಿ ಗ್ರಂಥದ ಗಾತ್ರವನ್ನು ಮೂವತ್ತೆರಡು ಅಕ್ಷರಗಳ ಒಂದು ಶ್ಲೋಕದ ಲೆಕ್ಕದಲ್ಲಿ ಅಳೆಯುವ ಪದ್ಧತಿಯಿತ್ತು. ಶಾಮಶಾಸ್ತ್ರಿಗಳಿಗೆ ಸಿಕ್ಕಿದ ಅರ್ಥಶಾಸ್ತ್ರವನ್ನೇ ನೋಡಿ. ತನ್ನಲ್ಲಿ ೧೫ ಅಧಿಕರಣಗಳೂ ೧೫೦ ಅಧ್ಯಾಯಗಳೂ ೧೮೦ ಪ್ರಕರಣಗಳೂ ಇವೆಯೆಂದೂ, ಗಾತ್ರವು ೬೦೦೦ ಶ್ಲೋಕಗಳೆಂದೂ ಅದು ಮೊದಲ ಅಧ್ಯಾಯದಲ್ಲಿಯೇ ಹೇಳಿಕೊಳ್ಳುತ್ತದೆ. ಮುಂದೆ ಗರಿಗಳು ಕಳೆದರೆ ಓದುವವನಿಗೆ ತಿಳಿಯಬೇಕಲ್ಲವೇ? ಸಾಕೆಟ್ಟಿನಲ್ಲಿಯೂ ಹೀಗೆಯೇ ಮೊದಲ ನಾಲ್ಕು ಬೈಟುಗಳಲ್ಲಿ ಸಂದೇಶದ ಉದ್ದವನ್ನು ಬರೆದು, ಆಮೇಲೆ ಸಂದೇಶವನ್ನು ಕಳುಹಿಸುತ್ತಾರೆ. ಓದುವವನು ಮೊದಲು ಆ ನಾಲ್ಕನ್ನು ಪೂರ್ತಿ ಓದಿ, ಆಮೇಲೆ ಹೇಳಿದಷ್ಟನ್ನು ಪೂರ್ತಿ ಓದುತ್ತಾನೆ. ನಾಲ್ಕೂ ಒಟ್ಟಿಗೆ ಬರುತ್ತವೆಂಬ ನಂಬಿಕೆಯೂ ಬೇಡ.

ಇಲ್ಲಿಯೂ ಒಂದು ಬಿಕ್ಕಟ್ಟಿದೆ. ಅಂಕಿಯ ದೊಡ್ಡ ಸ್ಥಾನವನ್ನು ಮೊದಲು ಬರೆಯುವ ಯಂತ್ರಗಳೂ ಚಿಕ್ಕ ಸ್ಥಾನವನ್ನು ಮೊದಲು ಬರೆಯುವ ಯಂತ್ರಗಳೂ ಇವೆ. ೧೯೮೦ರಲ್ಲಿ ಡ್ಯಾನಿ ಕೋಹೆನ್ ಎಂಬವರು ಈ ಎರಡು ಪಂಗಡಗಳಿಗೆ, ಜೊನಾಥನ್ ಸ್ವಿಫ್ಟನು ೧೭೨೬ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಕಥೆಯಿಂದ ಹೆಸರು ತೆಗೆದುಕೊಟ್ಟರು. ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಚಿಕ್ಕ ತುದಿಯಿಂದಲೋ ಎಂದು ಹೊಡೆದಾಡಿದವರ ಕಥೆಯನ್ನು ಇಂಗ್ಲಿಷ್ ತರಗತಿಯಲ್ಲಿ ಓದಿದವರಿಗೆ ಇದು ಕೂಡಲೆ ಅರ್ಥವಾದೀತು. ಜಾಲದ ಮೇಲೆ ದೊಡ್ಡ ತುದಿಯೇ ಮೊದಲು ಎಂಬುದು ರೂಢಿ. ಬಂದ ಅಂಕಿಯನ್ನು ನಮ್ಮ ಯಂತ್ರದ ಕ್ರಮಕ್ಕೆ ತಿರುಗಿಸಿಕೊಳ್ಳಲು ಸಿ ಭಾಷೆಯಲ್ಲಿ ಸಿದ್ಧವಾದ ಕರೆಗಳಿವೆ. ತಿರುಗಿಸಲು ಮರೆತರೆ ೧೮ ಎಂಬುದು ೩೦ ಕೋಟಿಗೂ ಮೇಲಾಗಿ ಕಾಣುತ್ತದೆ.

ಉದ್ದವನ್ನು ಮೊದಲು ಕಳುಹಿಸುವ ಏರ್ಪಾಡನ್ನು ನಾವು ಮಾಡಿದ ಮೇಲೂ ಪಟ್ಟಿ ಒಂದು ಸಲ ಕೆಟ್ಟಿತು. ಈ ಸಲ ತಪ್ಪು ಗೆಳೆಯನದು. ಪೈಥಾನಿನಲ್ಲಿ ‘ಮೈಸೂರು’ ಎಂಬುದರ ಉದ್ದವನ್ನು ಕೇಳಿದರೆ ಅದು ಸಂಕೇತಗಳನ್ನು ಎಣಿಸಿ ಆರು ಎನ್ನುತ್ತದೆ. ಅವನು ಆರು ಎಂದು ಬರೆದು ಹದಿನೆಂಟು ಬೈಟು ಕಳುಹಿಸಿದ. ನನ್ನ ಪ್ರೋಗ್ರಾಮು ಆರು ಬೈಟು ಓದಿ ‘ಮೈ’ ಎಂದು ಮುದ್ರಿಸಿ, ಮುಂದಿನ ನಾಲ್ಕು ಬೈಟುಗಳನ್ನು ಹೊಸ ಸಂದೇಶದ ಉದ್ದವೆಂದು ತಿಳಿಯಿತು. ಅವು ಸಕಾರದ ೨೨೪, ೧೭೮, ೧೮೪ ಮತ್ತು ದೀರ್ಘದ ಮೊದಲ ೨೨೪. ಉದ್ದವೆಂದು ಓದಿದರೆ ೩,೭೬,೯೮,೦೯,೧೨೦. ಒಂದು ಪುಸ್ತಕದ ಹೆಸರಿಗಾಗಿ ಪ್ರೋಗ್ರಾಮು ಮುನ್ನೂರ ಎಪ್ಪತ್ತಾರು ಕೋಟಿ ಬೈಟುಗಳನ್ನು ಬೇಡಿ ಕುಳಿತಿತು! ಅಳೆಯುವ ಸೇರು ಇಬ್ಬರಲ್ಲಿಯೂ ಒಂದೇ ಆಗಿರಬೇಕೆಂಬ ಸಂತೆಯ ನ್ಯಾಯವನ್ನು ನಾವು ಹೀಗೆ ಕಲಿತೆವು.

ಇಲ್ಲಿಂದಲೇ ನಾಲ್ಕನೆಯ ಮಾತು ಹುಟ್ಟುತ್ತದೆ. ಅತ್ತಲಿನವನು ಹೇಳಿದ ಅಳತೆಯನ್ನು ಕಣ್ಣುಮುಚ್ಚಿ ನಂಬಬಾರದು. ನನ್ನ ಗೆಳೆಯನದು ಮುಗ್ಧ ತಪ್ಪು; ಎಲ್ಲರೂ ಮುಗ್ಧರಲ್ಲ. ೧೯೮೮ರ ನವೆಂಬರ್ ೨ರಂದು ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿಯು ಬಿಟ್ಟ ಹುಳುಪ್ರೋಗ್ರಾಮೊಂದು ಅಂದಿನ ಜಾಲದ ಸಾವಿರಾರು ಯಂತ್ರಗಳನ್ನು ಹಿಡಿಯಿತು. ಅದು ಒಳನುಗ್ಗಿದ ದಾರಿಗಳಲ್ಲೊಂದು ಫಿಂಗರ್ ಎಂಬ ಸೇವೆ. ಆ ಸೇವೆಯು ೫೧೨ ಬೈಟಿನ ತೊಟ್ಟಿಗೆ, ಅದರ ಮಿತಿಯನ್ನೇ ಕೇಳದ ಗೆಟ್ಸ್ ಎಂಬ ಕರೆಯಿಂದ ಓದಿಕೊಳ್ಳುತ್ತಿತ್ತು. ಅದಕ್ಕಿಂತ ಉದ್ದವಾದ ಸಾಲನ್ನು ಕಳುಹಿಸಿದಾಗ ತೊಟ್ಟಿ ಉಕ್ಕಿ, ಪಕ್ಕದ ನೆನಪಿನ ಜಾಗದ ಮೇಲೆ ಹುಳುವಿನ ಮಾತು ಬರೆಯಲ್ಪಟ್ಟಿತು. ಗೆಟ್ಸನ್ನು ೨೦೧೧ರ ಸಿ ಭಾಷೆಯ ಪ್ರಮಾಣದಿಂದ ತೆಗೆದುಹಾಕಲಾಯಿತು. ೨೦೧೪ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷವು ಇದರ ತಿರುಗುಮುರುಗು. ‘ಈ ಮಾತನ್ನು ನನಗೆ ಹಿಂದಿರುಗಿಸು, ಅದರ ಉದ್ದ ಇಷ್ಟು’ ಎಂದು ಕೇಳುವ ಒಂದು ಸಂದೇಶವಿತ್ತು. ಚಿಕ್ಕ ಮಾತನ್ನು ಕೊಟ್ಟು ಉದ್ದವನ್ನು ಸುಳ್ಳಾಗಿ ದೊಡ್ಡದು ಹೇಳಿದರೆ, ಓಪನ್ ಎಸ್.ಎಸ್.ಎಲ್. ಎಂಬ ತಂತ್ರಾಂಶವು ಅದನ್ನು ನಂಬಿ, ಪಕ್ಕದಲ್ಲಿದ್ದ ಗುಟ್ಟಿನ ಬೈಟುಗಳನ್ನೂ ಸೇರಿಸಿ ಒಂದು ಸಲಕ್ಕೆ ೬೪ ಕಿಲೋಬೈಟುಗಳವರೆಗೆ ಕೊಟ್ಟುಬಿಡುತ್ತಿತ್ತು. ಆದುದರಿಂದ ಉದ್ದವನ್ನು ಓದಿದೊಡನೆ ‘ನಾನು ಒಪ್ಪುವ ಗರಿಷ್ಠ ಮಿತಿಗಿಂತ ಇದು ಕಡಮೆಯೇ? ನಿಜವಾಗಿ ಬಂದದ್ದು ಇಷ್ಟಿದೆಯೇ?’ ಎಂದು ಎರಡು ಪ್ರಶ್ನೆಗಳನ್ನು ಹಾಕಬೇಕು. ಗುರುತಿನ ದಾರಿಯಲ್ಲಿಯೂ ಅಷ್ಟೆ. ಗುರುತೇ ಬಾರದ ಸಾಲಿಗೆ ಎಲ್ಲಿಯವರೆಗೆ ಜಾಗ ಕೊಡುವೆನೆಂಬುದನ್ನು ಮೊದಲೇ ನಿಶ್ಚಯಿಸಬೇಕು.

ಐದನೆಯದು, ಕಾಯುವುದಕ್ಕೂ ಒಂದು ಅವಧಿ ಬೇಕು. ಅತ್ತಲಿನ ಯಂತ್ರಕ್ಕೆ ಇದ್ದಕ್ಕಿದ್ದಂತೆ ವಿದ್ಯುತ್ತು ಹೋದರೆ ಅದು ಬೀಳ್ಕೊಡುಗೆಯ ಮಾತನ್ನೂ ಹೇಳದೆ ಹೋಗುತ್ತದೆ. ರೀಡಿಗೆ ಸೊನ್ನೆಯೂ ಬರುವುದಿಲ್ಲ, ತೊಡಕೂ ಬರುವುದಿಲ್ಲ. ಬೇರೆ ಏರ್ಪಾಡಿಲ್ಲದಿದ್ದರೆ ಅದು ಕಾಯುತ್ತಲೇ ಇರುತ್ತದೆ. ಸಂಪರ್ಕವು ಜೀವಂತವಾಗಿದೆಯೇ ಎಂದು ಆಗಾಗ ತಟ್ಟಿನೋಡುವ ಅನುಕೂಲವೊಂದು ಇದೆಯಾದರೂ, ಲಿನಕ್ಸಿನಲ್ಲಿ ನಾವು ಕೇಳದೆ ಅದು ಆರಂಭವಾಗುವುದಿಲ್ಲ. ಕೇಳಿದರೂ, ಬದಲಾಯಿಸದಿದ್ದರೆ ಮೊದಲ ತಟ್ಟು ಎರಡು ಗಂಟೆಗಳ ಮೌನದ ಮೇಲೆ. ಆದುದರಿಂದ ಓದಿಗೆ ನಾವೇ ಅವಧಿ ಕಟ್ಟಬೇಕು. ಪ್ರತಿಯೊಂದು ರೀಡಿಗೆ ಮಾತ್ರ ಕಟ್ಟಿದರೆ, ನಿಮಿಷಕ್ಕೊಂದು ಬೈಟು ತೊಟ್ಟಿಕ್ಕಿಸುವವನು ನಮ್ಮನ್ನು ದಿನವಿಡೀ ಕೂರಿಸಿಯಾನು. ಇಡೀ ಸಂದೇಶಕ್ಕೆ ಅವಧಿ ಕಟ್ಟುವುದು ಲೇಸು.

ಕೊನೆಯದಾಗಿ ಪರೀಕ್ಷೆಯ ಮಾತು. ಒಂದೇ ಯಂತ್ರದಲ್ಲಿ ಸರಿಯಾಗಿ ಓಡಿತೆಂಬುದು ಪರೀಕ್ಷೆಯಲ್ಲ. ಈಗ ನಾವು ಕಳುಹಿಸುವ ಭಾಗವನ್ನು ಬೇಕೆಂದೇ ಕೆಟ್ಟದಾಗಿ ನಡೆಸಿಕೊಳ್ಳುತ್ತೇವೆ. ಒಂದೊಂದೇ ಬೈಟನ್ನು ನಡುನಡುವೆ ತಡೆದು ಕಳುಹಿಸುತ್ತೇವೆ. ಮೂರು ಸಂದೇಶಗಳನ್ನು ಒಂದೇ ಸಲ ಸುರಿಯುತ್ತೇವೆ. ಅಕ್ಷರದ ನಡುವೆ ಬಾಗಿಲು ಹಾಕುತ್ತೇವೆ. ಸುಳ್ಳು ಉದ್ದವನ್ನು ಹೇಳುತ್ತೇವೆ. ಈ ನಾಲ್ಕನ್ನೂ ತಡೆದುಕೊಂಡ ಮೇಲೆಯೇ ಪಟ್ಟಿಯನ್ನು ವಾಚನಾಲಯದ ಯಂತ್ರದಲ್ಲಿ ಇಟ್ಟೆವು.

ಕಲಾವಿಭಾಗದವನಿಗೆ ಇದೆಲ್ಲ ಏತಕ್ಕೆ ಎಂದು ಕೆಲವು ಮಿತ್ರರು ಕೇಳಿದ್ದಾರೆ. ನನ್ನ ಉತ್ತರ ಹೀಗೆ. ಇಂದು ಜನರ ಹೆಸರೂ ಊರೂ ಹೊಲದ ಲೆಕ್ಕವೂ ಒಂದು ಯಂತ್ರದಿಂದ ಇನ್ನೊಂದಕ್ಕೆ ಕನ್ನಡದಲ್ಲಿಯೇ ಹರಿಯುತ್ತಿವೆ. ಹೆಸರಿನ ಕೊನೆಯ ಅಕ್ಷರ ನಡುದಾರಿಯಲ್ಲಿ ಉದುರಿದರೆ, ಓದುಬಲ್ಲವನು ತಿದ್ದಿಸಿಕೊಂಡಾನು; ಓದಲು ಬಾರದವನಿಗೆ ಉದುರಿದ್ದೇ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಊರಿಗೆ ಹೋದಾಗ ಬಂದ ಕಾಗದಪತ್ರಗಳನ್ನೆಲ್ಲ ನನ್ನ ಮುಂದೆ ಇಡುತ್ತಾರೆ. ಓದಿ ಹೇಳಿದ ಮೇಲೆ ನಮ್ಮ ತಂದೆಯವರು ಪ್ರತಿ ಸಲವೂ ಕೇಳುವ ಮಾತು ಒಂದೇ: “ಪೂರ್ತಿ ಓದ್ದೇನ್ಲಾ ಮಗ? ಹಿಂದ್ಗಡೆ ಏನಾರಾ ಬರ್ದವ್ರಾ ನೋಡು.”

ಅಕ್ಷರ ಬಾರದ ಅವರು ಕೇಳುವ ಈ ಪ್ರಶ್ನೆಯನ್ನು ನಾನು ಬರೆದ ಮೊದಲ ಪ್ರೋಗ್ರಾಮು ಕೇಳಿರಲಿಲ್ಲ. ಈಗಿನದು ಕೇಳುತ್ತದೆ.